ಸಪ್ಪೆ ಟ್ಯೂಬು

ಸೊಳ್ಳೆಯನ್ನು ನೋಯಿಸದೆ ಹಿಡಿಯಬೇಕಾದರೆ ಉಸಿರನ್ನು ಎಷ್ಟು ಎಳೆದುಕೊಳ್ಳಬೇಕು ಎಂಬುದನ್ನು ನನಗೆ ಕಲಿಸಿದವರು ಹೋದ ತಿಂಗಳು ತೀರಿಕೊಂಡರು. ಸುದ್ದಿ ನನಗೆ ತಿಳಿದದ್ದು ಕಾರ್ಯವೆಲ್ಲ ಮುಗಿದ ಮೇಲೆ, ಸಕಲೇಶಪುರದ ಬಸ್ ನಿಲ್ದಾಣದಲ್ಲಿ. ಹಿಂದೆ ನಮ್ಮ ಕಚೇರಿಯ ಜೀಪು ಓಡಿಸುತ್ತಿದ್ದ ಡ್ರೈವರ್ ನನ್ನ ಗುರುತು ಹಿಡಿದು ಹತ್ತಿರ ಬಂದ.

"ಗೊತ್ತಾಯ್ತಾ ಮೇಡಂ? ನಮ್ ಕಲೆಕ್ಟ್ರು ಹೋಗ್ಬುಟ್ರು."

ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಗಾಬರಿಯಾದರು. "ಯಾರು, ಹಾಸನದ ಕಲೆಕ್ಟ್ರಾ?"

"ಅಲ್ಲ ಕಣಕ್ಕ, ಸೊಳ್ಳೆ ಕಲೆಕ್ಟ್ರು."

ಆಕೆ ನಮ್ಮಿಬ್ಬರ ಮುಖವನ್ನೂ ನೋಡಿದರು. ನಗಬೇಕೋ ಬೇಡವೋ ತಿಳಿಯದೆ ಚೀಲ ಎತ್ತಿಕೊಂಡು ಆಚೆ ಹೋದರು. ಸತ್ತವರು ಅಲ್ಲಿದ್ದಿದ್ದರೆ ನಕ್ಕೇಬಿಡುತ್ತಿದ್ದರು.

ಮಲೇರಿಯಾ ವಿಭಾಗದಲ್ಲಿ ಕೀಟ ಸಂಗ್ರಾಹಕ ಎಂಬ ಹುದ್ದೆಯಿದೆ. ಇಂಗ್ಲಿಷಿನಲ್ಲಿ ಇನ್ಸೆಕ್ಟ್ ಕಲೆಕ್ಟರ್. ಆಲೂರಿನಿಂದ ಕೆ. ಹೊಸಕೋಟೆಯವರೆಗೆ ಕೊಟ್ಟಿಗೆಯಿರುವ ಮನೆಯವರೆಲ್ಲ ಅವರನ್ನು ಸೊಳ್ಳೆ ಕಲೆಕ್ಟ್ರು ಎಂದೇ ಕರೆಯುತ್ತಿದ್ದರು. ಅವರೂ ಅದನ್ನು ಬಿಟ್ಟುಕೊಟ್ಟವರಲ್ಲ. "ಜಿಲ್ಲೆಗೆ ನಾವಿಬ್ರು ಕಣಮ್ಮ. ಅವ್ರುದು ಕಂದಾಯ ವಸೂಲಿ, ನಂದು ಸೊಳ್ಳೆ ವಸೂಲಿ. ಅವ್ರು ಬಂದ್ರೆ ಊರು ಎದ್ ನಿಲ್ತದೆ. ನಾನು ಬಂದ್ರೆ ಹಸಾನೂ ಏಳಲ್ಲ."

ಅವರ ಹೆಸರನ್ನು ನಾನು ಎಂದೂ ಹಿಡಿದು ಕರೆದವಳಲ್ಲ, ಇಲ್ಲೂ ಬರೆಯುವುದಿಲ್ಲ. ಮೊದಲ ದಿನ ಸರ್ ಎಂದೆ. "ಸರ್ ಅನ್ಬೇಡಿ, ಸಾಹೇಬ್ರು ಕೇಳಿಸ್ಕಂಡ್ರೆ ನೊಂದ್ಕತಾರೆ," ಎಂದರು. ಅಂದಿನಿಂದ ಯಜಮಾನರು ಎಂದು ಕರೆದೆ. ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಆ ಪದದೊಳಗೆ ಸಣ್ಣದೊಂದು ಚುಚ್ಚು ಇರುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ, ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ನಾನು ಒಂದು ವರ್ಷದ ತಾತ್ಕಾಲಿಕ ಕೆಲಸಕ್ಕೆ ಅವರಿದ್ದ ಕಚೇರಿ ಸೇರಿದೆ. ಅವರಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸೊಳ್ಳೆಯ ರೆಕ್ಕೆಯ ನರಗಳ ಚಿತ್ರವನ್ನು ನಾನು ಕಣ್ಣು ಮುಚ್ಚಿ ಬಿಡಿಸಬಲ್ಲವಳಾಗಿದ್ದೆ. ಆದರೆ ಒಂದು ಸೊಳ್ಳೆಯನ್ನೂ ಜೀವಂತವಾಗಿ ಹಿಡಿದಿರಲಿಲ್ಲ. ನಮ್ಮಿಬ್ಬರ ಕೆಲಸ ಸರಳವಾಗಿತ್ತು. ಮನೆಗಳ ಗೋಡೆಗೆ ಹೊಡೆಯುವ ಔಷಧಿಗೆ ಮಲೇರಿಯಾ ಸೊಳ್ಳೆ ಇನ್ನೂ ಸಾಯುತ್ತದೆಯೇ ಇಲ್ಲವೇ ಎಂದು ನೋಡುವುದು. ಒಂದೇ ಔಷಧಿಯನ್ನು ವರ್ಷ ವರ್ಷ ಹೊಡೆದರೆ ಅದಕ್ಕೆ ಸಾಯದೆ ಉಳಿದವುಗಳ ಸಂತಾನವೇ ಹೆಚ್ಚುತ್ತ ಹೋಗುತ್ತದೆ. ಕೊನೆಗೊಂದು ದಿನ ಔಷಧಿಯೆಂಬುದು ಗೋಡೆಯ ಮೇಲಿನ ಬಿಳಿ ಕಲೆ ಮಾತ್ರವಾಗುತ್ತದೆ. ಆ ದಿನ ಯಾವುದೆಂದು ಗೋಡೆ ನೋಡಿದರೆ ತಿಳಿಯುವುದಿಲ್ಲ. ಸೊಳ್ಳೆಯನ್ನೇ ಕೇಳಬೇಕು.

ಇದನ್ನು ಅವರು ಹಳ್ಳಿಯವರಿಗೆ ಹೇಳುತ್ತಿದ್ದ ರೀತಿ ಬೇರೆ. "ದಿನಾ ಬೈಯೋ ಅತ್ತೆ ಮಾತು ಸೊಸೆಗೆ ನಾಟ್ತದಾ? ಹಂಗೆ."

ಒಮ್ಮೆ ನಾನು ತಡೆಯಲಾರದೆ, "ಅದು ಸರಿಯಲ್ಲ ಯಜಮಾನರೇ, ಒಂದು ಸೊಳ್ಳೆ ಔಷಧಿಗೆ ಒಗ್ಗಿಕೊಳ್ಳುವುದಿಲ್ಲ. ಉಳಿದದ್ದರ ಮರಿಗಳಿಗೆ ಆ ಗುಣ ಬರುತ್ತದೆ," ಎಂದೆ.

ಅವರು ನಮ್ಮ ಬಸ್ಸು ಮಗ್ಗೆ ಎಂಬ ಊರು ದಾಟುವವರೆಗೂ ಯೋಚಿಸಿ, "ಹಂಗಾದ್ರೆ ಹಿಂಗನ್ನಣ. ಅತ್ತೆ ಬಾಯಿಗೆ ಹೆದ್ರಿ ತವರಿಗೆ ಓಡೋಗ್ದೆ ನಿಂತ್ಳಲ್ಲ ಸೊಸೆ, ಅವಳ ಹೊಟ್ಟೇಲಿ ಹುಟ್ಟಿದ ಮಗಳು. ಈಗ ಸರಿಯಾಯ್ತಾ ಮೇಡಂ?" ಎಂದರು.

ಸರಿಯಾಗಿತ್ತು. ಆಮೇಲೆ ಎಲ್ಲ ಕಡೆಯೂ ಹಾಗೆಯೇ ಹೇಳಿದರು.

ಬೆಳಗಿನ ಐದೂವರೆಗೆ ನಾವು ಯಾರದಾದರೂ ಕೊಟ್ಟಿಗೆಯಲ್ಲಿರುತ್ತಿದ್ದೆವು. ಇರುಳೆಲ್ಲ ರಕ್ತ ಕುಡಿದ ಹೆಣ್ಣು ಸೊಳ್ಳೆಗಳು ಆ ಹೊತ್ತಿಗೆ ಗೋಡೆಗೆ, ಹುಲ್ಲಿನ ಮರೆಗೆ ಕೂತಿರುತ್ತವೆ. ಮಲೇರಿಯಾ ಜಾತಿಯದ್ದು ಬಾಲ ಎತ್ತಿಕೊಂಡು ಕೂರುತ್ತದೆ. ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಒಂದು ಗಾಜಿನ ಕೊಳವೆ. ಕೊಳವೆಯ ಇನ್ನೊಂದು ತುದಿಗೆ ರಬ್ಬರ್ ನಳಿಕೆ, ಅದರ ತುದಿ ನಮ್ಮ ಬಾಯಲ್ಲಿ. ಸೊಳ್ಳೆ ಬಾಯಿಗೆ ಬಾರದಂತೆ ನಡುವೆ ತೆಳ್ಳನೆ ಬಟ್ಟೆ. ಸೊಳ್ಳೆಯ ಹಿಂದೆ ಕೊಳವೆ ಹಿಡಿದು ಉಸಿರು ಎಳೆದರೆ ಅದು ಒಳಗೆ ಬರುತ್ತದೆ. ಹೆಚ್ಚು ಎಳೆದರೆ ಕಾಲು ಮುರಿಯುತ್ತದೆ, ಕಡಿಮೆ ಎಳೆದರೆ ಹಾರಿಹೋಗುತ್ತದೆ. ಕಾಲು ಮುರಿದ ಸೊಳ್ಳೆ ಪರೀಕ್ಷೆಗೆ ಬೇಡ. ಅದು ಔಷಧಿಯಿಂದ ಸತ್ತಿತೋ ನಮ್ಮಿಂದ ಸತ್ತಿತೋ ಹೇಳಲಾಗದು.

ಅವರು ಬಿಸಿ ಕಾಫಿಯನ್ನು ಮೊದಲ ಗುಟುಕು ಹೀರುವಂತೆ ಎಳೆಯುತ್ತಿದ್ದರು. ಸದ್ದೇ ಇರುತ್ತಿರಲಿಲ್ಲ. ನಾನು ಹಿಡಿದದ್ದನ್ನು ಭೂತಗನ್ನಡಿಯಲ್ಲಿ ನೋಡಿ ದಿನವೂ ಒಂದೇ ಮಾತು: "ಕಾಲ್ ಮುರ್ದೈತೆ." ತಿಂಗಳುಗಟ್ಟಲೆ ಅದೊಂದೇ. ಆ ಭೂತಗನ್ನಡಿಯನ್ನು ನನ್ನ ಕೈಗೆ ಕೊಡುತ್ತಲೂ ಇರಲಿಲ್ಲ. ಅದರ ಹಿಡಿಕೆಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ನಾನು ನೋಡಬೇಕಾದರೆ ಅವರ ಕೊರಳ ಹತ್ತಿರ ಬಗ್ಗಬೇಕಿತ್ತು.

ಕೊಟ್ಟಿಗೆಯ ಒಡತಿಯರೊಂದಿಗೆ ಅವರ ಜಗಳ ದಿನದ ಮೊದಲ ಕೆಲಸ.

"ಹಾಲ್ ಕರೆಯೋ ಹೊತ್ಗೇ ಬಂದ್ಬುಡ್ತೀಯಲ್ಲೋ ಮಾರಾಯ. ಬಂದೋನು ಎಲ್ಲಾನೂ ಹಿಡ್ಕಂಡೋಗು, ಒಂದ್ನೂ ಬಿಡ್ಬೇಡ."

"ಇಪ್ಪತ್ತು ಸಾಕು ಕಣವ್ವ ನಂಗೆ. ಮಿಕ್ಕಿದ್ದು ನೀನೇ ಸಾಕ್ಕೋ."

"ಇದ್ಕೆ ಸಂಬ್ಳ ಬೇರೆ ಕೊಡ್ತದಂತೆ ಸರ್ಕಾರ!"

"ಅದ್ಕೇ ಕಣವ್ವ ಎಲ್ಲಾ ಹಿಡಿಯಲ್ಲ. ಮುಗ್ದೋದ್ರೆ ನನ್ ಕೆಲ್ಸಾನೂ ಹೋಗ್ತದಲ್ಲ."

ಹಿಡಿದ ಸೊಳ್ಳೆಗಳನ್ನು ಔಷಧಿ ಸವರಿದ ಕಾಗದವಿರುವ ಪ್ಲಾಸ್ಟಿಕ್ ಟ್ಯೂಬುಗಳಲ್ಲಿ ಒಂದು ಗಂಟೆ ಬಿಡುತ್ತೇವೆ. ಆಮೇಲೆ ಅವನ್ನು ಕಾಗದ ಬದಲಿಸಿದ ಶುದ್ಧ ಟ್ಯೂಬಿಗೆ ದಾಟಿಸಿ, ಸಕ್ಕರೆ ನೀರಿನ ಹತ್ತಿ ಇಟ್ಟು, ಒದ್ದೆ ಟವೆಲ್ ಸುತ್ತಿದ ಪೆಟ್ಟಿಗೆಯಲ್ಲಿ ಒಂದು ಹಗಲು ಒಂದು ಇರುಳು ಕಾದು, ಎಷ್ಟು ಸತ್ತವು ಎಂದು ಎಣಿಸುತ್ತೇವೆ. ಗಂಟೆಯ ಕೊನೆಗೆ ಬಿದ್ದವೆಲ್ಲ ಸತ್ತವಲ್ಲ. ಕೆಲವು ಮರುದಿನ ಎದ್ದು ಕೂರುತ್ತವೆ. ಹಾಗಾಗಿ ಕಾಯಲೇಬೇಕು.

ಈ ಟ್ಯೂಬುಗಳ ಜೊತೆಗೆ ಔಷಧಿಯಿಲ್ಲದ ಕಾಗದದ ಟ್ಯೂಬೊಂದು ಯಾವಾಗಲೂ ಇರುತ್ತದೆ. ನನ್ನ ಪುಸ್ತಕದಲ್ಲಿ ಅದಕ್ಕೆ ಕಂಟ್ರೋಲ್ ಎಂದು ಹೆಸರು. ಅವರು ಅದನ್ನು ಸಪ್ಪೆ ಎನ್ನುತ್ತಿದ್ದರು. ಸಪ್ಪೆಯಲ್ಲಿರುವ ಸೊಳ್ಳೆಗಳು ಮರುದಿನ ಬದುಕಿರಬೇಕು. ಅವೂ ಸತ್ತರೆ ನಮ್ಮ ಕೈಯಲ್ಲೋ ಪೆಟ್ಟಿಗೆಯಲ್ಲೋ ದೋಷವಿದೆ ಎಂದರ್ಥ, ಪರೀಕ್ಷೆಯೇ ರದ್ದು. ಮರುದಿನ ಪೆಟ್ಟಿಗೆ ತೆರೆದಾಗ ನಾನು ಔಷಧಿಯ ಟ್ಯೂಬಿಗೆ ಕೈ ಹಾಕಿದರೆ ಅವರು ತಡೆಯುತ್ತಿದ್ದರು. "ಮೊದ್ಲು ಸಪ್ಪೆ ನೋಡ್ರಿ. ಉಪ್ಪು ಹಾಕದ್ ಸಾರೇ ಕೆಟ್ಟಿದ್ರೆ ಉಪ್ಪಿನ್ ಮಾತ್ಯಾಕೆ?"

ಈ ಸಪ್ಪೆಗಾಗಿ ಅವರು ಹುಡುಗಪ್ರಾಯದಿಂದ ಸೇದುತ್ತಿದ್ದ ಬೀಡಿ ಬಿಟ್ಟಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಸಪ್ಪೆಯ ಸೊಳ್ಳೆಗಳು ಅರ್ಧಕ್ಕರ್ಧ ಸತ್ತಿದ್ದವಂತೆ. ಆಗಿನ ಹಿರಿಯರೊಬ್ಬರು ಇವರ ಬಾಯಿ ಮೂಸಿ ನೋಡಿ, "ನಿನ್ ಉಸ್ರಿಗೇ ಸಾಯ್ತಾವಲ್ಲೋ, ನಿನ್ನೇ ಗೋಡೆಗೆ ಹೊಡೆದ್ರಾಗೋದು," ಎಂದರಂತೆ. ಹಾಗಂತ ಒಂದೇ ಏಟಿಗೆ ಬಿಟ್ಟರೆಂದಲ್ಲ. ಪರೀಕ್ಷೆಯ ದಿನಗಳಲ್ಲಿ ಮಾತ್ರ ಬಿಟ್ಟರು. ಪರೀಕ್ಷೆಯ ದಿನಗಳು ಹೆಚ್ಚಾಗುತ್ತ ಹೋದವು. ನನಗೂ ಪೌಡರ್ ಬೇಡ, ಮಲ್ಲಿಗೆ ಬೇಡ, ತಲೆಗೆ ವಾಸನೆಯ ಎಣ್ಣೆ ಬೇಡ. ನಾನು ಹೇಗೂ ಅವನ್ನು ಬಳಸುತ್ತಿರಲಿಲ್ಲ. "ನೀವು ಸೊಳ್ಳೆಗೇ ಹುಟ್ದೋರು," ಎಂದರು. ಅದನ್ನು ಹೊಗಳಿಕೆ ಎಂದು ತೆಗೆದುಕೊಳ್ಳಬೇಕೋ ಹೇಗೆ ಎಂದು ತಿಳಿಯಲಿಲ್ಲ.

ಅವರು ನನಗೆ ಕಲಿಸಿದ ಇನ್ನೊಂದು ವಿಷಯ ಹೊಟ್ಟೆಯನ್ನು ಓದುವುದು. ಆಗಷ್ಟೇ ರಕ್ತ ಕುಡಿದ ಸೊಳ್ಳೆಯ ಹೊಟ್ಟೆ ಮಾಗಿದ ಕಾಫಿ ಹಣ್ಣಿನಂತೆ ಕೆಂಪಗೆ ಹೊಳೆಯುತ್ತದೆ. ಒಂದು ದಿನ ಕಳೆದರೆ ರಕ್ತ ಅರಗಿ ಅರ್ಧ ಕಪ್ಪಾಗಿ, ಅರ್ಧ ಬಿಳಚಿಕೊಳ್ಳುತ್ತದೆ. ಇನ್ನೂ ಒಂದು ದಿನಕ್ಕೆ ಮೊಟ್ಟೆ ತುಂಬಿ ಬೆಳ್ಳಗಾಗುತ್ತದೆ. "ಗಡಿಯಾರ ಮೇಡಂ ಅದು. ಯಾವತ್ತು ಉಂಡ್ತು ಅಂತ ಸೊಳ್ಳೆ ಮುಚ್ಚಿಡಕ್ಕಾಗಲ್ಲ."

ಅವರು ಸಾಧುವೇನೂ ಆಗಿರಲಿಲ್ಲ. ಟಾರ್ಚಿನ ಸೆಲ್ಲಿನ ವಿಷಯದಲ್ಲಿ ಮಹಾ ಜಿಪುಣ. ನನ್ನ ಟಾರ್ಚಿನಿಂದ ಹೊಸ ಸೆಲ್ಲು ತೆಗೆದು ತಮ್ಮದಕ್ಕೆ ಹಾಕಿಕೊಂಡಿದ್ದು ಎರಡು ಸಲ ನನಗೆ ಗೊತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಯಾರಿಗೂ ಬಿಡುತ್ತಿರಲಿಲ್ಲ. ಓದಿದವರ ಬಗ್ಗೆ ಒಂದು ಹಳೆಯ ಕಹಿ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ನಪಾಸಾದದ್ದನ್ನು ನಿನ್ನೆ ನಡೆದಂತೆ ಹೇಳುತ್ತಿದ್ದರು. ಫಾರಂ ತುಂಬುವುದು ನನ್ನ ಕೆಲಸ. ಕೊನೆಯಲ್ಲಿ 'ಸಂಗ್ರಹಿಸಿದವರು' ಎಂಬ ಅಂಕಣದಲ್ಲಿ ಅವರು ಸಹಿ ಮಾಡುತ್ತಿದ್ದರು. ಸಹಿ ಮಾಡುವ ಮುನ್ನ ನಾನು ಬರೆದ ಪ್ರತಿ ಅಂಕೆಯ ಮೇಲೂ ಬೆರಳಿಟ್ಟು ಓದುತ್ತಿದ್ದರು. ನನಗೆ ಅದು ಅವಮಾನವೆನಿಸುತ್ತಿತ್ತು. ಶಾಲೆಯಿಂದ ಆ ದಿನದವರೆಗೆ ನನ್ನ ಲೆಕ್ಕವನ್ನು ಯಾರೂ ತಪ್ಪೆಂದಿರಲಿಲ್ಲ.

ಆ ವರ್ಷ ಮಳೆ ನಿಂತು, ಕಾಫಿ ಹಣ್ಣಾಗತೊಡಗಿದ ಹೊತ್ತು. ಆಲೂರಿಗೂ ಸಕಲೇಶಪುರಕ್ಕೂ ನಡುವಿನ ಗುಡ್ಡದ ಒಂದು ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಚಳಿಜ್ವರ ಬಿಡುತ್ತಿರಲಿಲ್ಲ. ಇನ್ನು ಕೆಲವೇ ವಾರಗಳಲ್ಲಿ ಹಣ್ಣು ಬಿಡಿಸಲು ಬಯಲು ಸೀಮೆಯಿಂದ ಜನ ಬಂದು ಲೈನು ತುಂಬುತ್ತದೆ. ಅಷ್ಟರೊಳಗೆ ಗೋಡೆಗಳಿಗೆ ಔಷಧಿ ಹೊಡೆಯಬೇಕು. ಹಳೆಯ ಬಿಳಿ ಔಷಧಿಯನ್ನೇ ಹೊಡೆಯುವುದೋ, ಬೇರೆಯದನ್ನು ತರಿಸುವುದೋ ಎಂಬುದು ನಮ್ಮ ಪರೀಕ್ಷೆಯ ಮೇಲೆ ನಿಂತಿತ್ತು. ಫಾರಂ ಪರೀಕ್ಷೆಯ ಮಾರನೆಯ ದಿನ ಮಧ್ಯಾಹ್ನಕ್ಕೆ ಹಾಸನ ತಲುಪಬೇಕೆಂದು ಸಾಹೇಬರು ಹೇಳಿದ್ದರು.

ಲೈನಿನ ಮೊದಲ ಮನೆಯ ಗೌರಮ್ಮ ಏಳು ತಿಂಗಳ ಬಸುರಿ. ಆ ಮಳೆಗಾಲದಲ್ಲಿ ಎರಡು ಸಲ ಜ್ವರ ಬಂದು ಎದ್ದಿದ್ದಳು. ಬೆಳಿಗ್ಗೆ ನಾವು ಅವಳ ಗೋಡೆ ನೋಡುತ್ತಿದ್ದಾಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದಳು: "ಹೋದ್ ವರ್ಸನೂ ಹೊಡೆದ್ರಿ. ಗೋಡೆ ಬೆಳ್ಳಗಾತು, ಜ್ವರ ಬಂದಂಗೇ ಬಂತು. ಈ ಸಲನಾದ್ರೂ ಸಾಯ್ತವಾ ಅಣ್ಣ?"

"ಅದ್ನೇ ಕೇಳಕ್ ಬಂದಿವ್ನಿ ಕಣವ್ವ. ನಿನ್ನಲ್ಲ, ಅವ್ನ," ಎಂದು ಅವರು ಗೋಡೆಯ ಕಡೆ ಟಾರ್ಚು ತೋರಿಸಿದರು. ಗೌರಮ್ಮ ನಕ್ಕಳು. ಒಂದು ಕೈ ಹೊಟ್ಟೆಯ ಮೇಲಿತ್ತು.

ಮೂರು ಟ್ಯೂಬು ಔಷಧಿ, ಒಂದು ಸಪ್ಪೆ; ಒಂದೊಂದರಲ್ಲಿ ಹದಿನೈದು ಸೊಳ್ಳೆ. ಗಂಟೆ ಮುಗಿದು, ಶುದ್ಧ ಟ್ಯೂಬಿಗೆ ದಾಟಿಸಿ, ಪೆಟ್ಟಿಗೆಯನ್ನು ರೈಟರ ಮನೆಯ ಜಗಲಿಯಲ್ಲಿ ಇಟ್ಟೆವು. ರೈಟರೆಂದರೆ ಎಸ್ಟೇಟಿನ ಹಾಜರಿ, ಲೆಕ್ಕ ನೋಡಿಕೊಳ್ಳುವವರು. ಪೆಟ್ಟಿಗೆ ಸ್ಟೂಲಿನ ಮೇಲೆ; ಇರುವೆ ಹತ್ತದಂತೆ ಸ್ಟೂಲಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದರು. ಸಾಮಾನ್ಯವಾಗಿ ಅವರು ಪೆಟ್ಟಿಗೆ ಬಿಟ್ಟು ಹೋಗುವವರಲ್ಲ. ಆ ದಿನ ಅವರ ಮನೆಯ ಹಸು ಇವತ್ತೋ ನಾಳೆಯೋ ಕರು ಹಾಕುವಂತೆ ನಿಂತಿತ್ತು. ನಾಲ್ಕು ಗಂಟೆಯ ಬಸ್ಸಿಗೆ ಹೊರಟವರು ಮೂರು ಸಲ ತಿರುಗಿ ನೋಡಿದರು.

"ಇಲ್ಲೇ ಇರ್ಲಿ ಮೇಡಂ. ಇಲ್ಲಿಂದ ಕದಲಿಸ್ಬೇಡಿ."

"ಸರಿ ಯಜಮಾನರೇ," ಎಂದೆ.

ಸಂಜೆ ಗಾಳಿ ಎದ್ದಿತು. ರೈಟರ ಮನೆಯ ಕೋಳಿಗಳು ಸ್ಟೂಲಿನ ಬಟ್ಟಲುಗಳ ನೀರು ಕುಡಿಯಲು ಬಂದವು. ಒಂದು ಹುಂಜ ಪೆಟ್ಟಿಗೆಯ ಮೇಲೇ ಹತ್ತಿತು. ಅಂಗಳದ ಆಚೆ ಎಸ್ಟೇಟಿನ ಸ್ಟೋರ್ ಇತ್ತು. ಗಟ್ಟಿ ಗೋಡೆ, ಒಳ್ಳೆಯ ಬೀಗ, ಗಾಳಿಯಿಲ್ಲ, ಕೋಳಿಯಿಲ್ಲ. ನಾನು ರೈಟರಿಂದ ಬೀಗದ ಕೈ ಕೇಳಿ ಪೆಟ್ಟಿಗೆಯನ್ನು ಅಲ್ಲಿಗೆ ಸಾಗಿಸಿದೆ. ಒಳಗೆ ಒಂದು ಘಾಟು ವಾಸನೆಯಿತ್ತು. ಸ್ಟೋರ್ ಎಂದರೆ ಹೀಗೇ ಇರುತ್ತದೆ ಎಂದುಕೊಂಡೆ. ಅವರು ಬಿಟ್ಟುಹೋದ ಜಾಗಕ್ಕಿಂತ ಒಳ್ಳೆಯ ಜಾಗ ಹುಡುಕಿದೆನೆಂದು, ಸತ್ಯ ಹೇಳುವುದಾದರೆ, ಸ್ವಲ್ಪ ಹೆಮ್ಮೆಯೂ ಆಯಿತು.

ರೈಟರ ಹೆಂಡತಿಯ ಜೊತೆ ಮಲಗಿದ್ದವಳು ಬೆಳಗಾಗುವ ಮೊದಲೇ ಎದ್ದು ಸ್ಟೋರ್ ತೆರೆದೆ. ಕಲಿತ ಪಾಠದಂತೆ ಮೊದಲು ಸಪ್ಪೆ ನೋಡಿದೆ. ಹದಿನೈದೂ ಸತ್ತು ತಳದಲ್ಲಿ ಬಿದ್ದಿದ್ದವು. ಉಳಿದ ಮೂರು ಟ್ಯೂಬುಗಳಲ್ಲೂ ಅಷ್ಟೇ. ಟಾರ್ಚು ಸುತ್ತ ತಿರುಗಿಸಿದಾಗ ಮೂಲೆಯಲ್ಲಿ ಬಾಯಿ ಬಿಚ್ಚಿದ ಚೀಲಗಳು ಕಂಡವು. ಕಾಫಿ ಗಿಡದ ಕಾಂಡ ಕೊರೆಯುವ ಹುಳುವಿಗೆ, ಇಲ್ಲಿನವರು ಬೋರರ್ ಎನ್ನುವುದಕ್ಕೆ, ಬುಡಕ್ಕೆ ಹಚ್ಚುವ ಔಷಧಿ. ಅದನ್ನು ಹಚ್ಚುವ ಕಾಲವೂ ಅದೇ. ಈ ಗುಡ್ಡಗಳಲ್ಲಿ ಯಾವ ಮಗುವನ್ನು ಕೇಳಿದರೂ ಸ್ಟೋರಿನಲ್ಲಿ ಏನಿರುತ್ತದೆ ಎಂದು ಹೇಳುತ್ತಿತ್ತು. ನಾನು ಕೇಳಿರಲಿಲ್ಲ.

ಆಮೇಲೆ ಮಾಡಿದ್ದನ್ನು ನಾನು ಗಾಬರಿಯಲ್ಲಿ ಮಾಡಲಿಲ್ಲ. ಬಹಳ ಶಾಂತವಾಗಿ, ಅಚ್ಚುಕಟ್ಟಾಗಿ ಮಾಡಿದೆ. ಸಪ್ಪೆಯಲ್ಲಿ ಸತ್ತಿದ್ದ ಹದಿನೈದನ್ನು ಒಂದು ಕಾಗದದಲ್ಲಿ ಮಡಚಿ ನನ್ನ ಚೀಲದಲ್ಲಿಟ್ಟೆ. ಟಾರ್ಚು, ಕೊಳವೆ ಹಿಡಿದು ಎಸ್ಟೇಟಿನ ಕೊಟ್ಟಿಗೆಗೆ ಹೋಗಿ ಹದಿನೈದು ಹೊಸ ಸೊಳ್ಳೆ ಹಿಡಿದು ಸಪ್ಪೆಗೆ ಬಿಟ್ಟೆ. ಪೆಟ್ಟಿಗೆಯನ್ನು ಮತ್ತೆ ಜಗಲಿಯ ಸ್ಟೂಲಿನ ಮೇಲಿಟ್ಟೆ. ಬಟ್ಟಲುಗಳಿಗೆ ನೀರು ತುಂಬಿದೆ. ಈಗ ನೋಡಿದವರಿಗೆ ಸಪ್ಪೆಯಲ್ಲಿ ಎಲ್ಲ ಬದುಕಿವೆ, ಔಷಧಿಯಲ್ಲಿ ಎಲ್ಲ ಸತ್ತಿವೆ; ಹಳೆಯ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಅದರ ಅರ್ಥ ಗೌರಮ್ಮನ ಗೋಡೆಗೆ ಮತ್ತೆ ಅದೇ ಬಿಳಿ ಔಷಧಿ ಎಂಬುದು ನನಗೆ ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು. ಬಟ್ಟಲಿಗೆ ನೀರು ಹಾಕುತ್ತಿದ್ದಾಗಲೇ ಹೊಳೆಯಿತು. ನೀರು ಹಾಕುವುದನ್ನು ನಿಲ್ಲಿಸಲಿಲ್ಲ.

ಎಂಟೂವರೆಯ ಬಸ್ಸಿಗೆ ಅವರು ಬಂದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. "ಹೆಣ್ ಕರು. ಗಿಣ್ಣು ತಂದಿವ್ನಿ," ಎಂದರು. ಮುಖದಲ್ಲಿ ನಿದ್ದೆಯಿರಲಿಲ್ಲ, ಸಂತೋಷವಿತ್ತು. ಡಬ್ಬಿಯನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ಕೈ ತೊಳೆದು, ಸಪ್ಪೆ ಎತ್ತಿಕೊಂಡರು.

"ಎಷ್ಟು ಸತ್ತವೆ?"

"ಒಂದೂ ಇಲ್ಲ."

ಭೂತಗನ್ನಡಿ ಹಿಡಿದು ನೋಡಿದರು. ಟ್ಯೂಬನ್ನು ಬೆಳಕಿಗೆ ತಿರುಗಿಸಿ ಮತ್ತೆ ನೋಡಿದರು. ಒಳಗಡೆ ರೈಟರ ಹೆಂಡತಿ ಕಾಫಿ ಬೀಜ ಹುರಿಯುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ಅವರು ಕೊರಳಿನಿಂದ ದಾರ ತೆಗೆದು ಭೂತಗನ್ನಡಿಯನ್ನು ಮೊದಲ ಬಾರಿಗೆ ನನ್ನ ಕೈಗೆ ಕೊಟ್ಟರು.

"ಹೊಟ್ಟೆ ನೋಡು."

ನೋಡಿದೆ. ಹದಿನೈದು ಹೊಟ್ಟೆಗಳೂ ಮಾಗಿದ ಕಾಫಿ ಹಣ್ಣಿನಂತೆ ಕೆಂಪಗೆ ಹೊಳೆಯುತ್ತಿದ್ದವು.

"ನಿನ್ನೆ ಉಂಡಿದ್ದು ಇವತ್ತು ಹಿಂಗಿರಲ್ಲ ಕಣಮ್ಮ."

ಭೂತಗನ್ನಡಿಯನ್ನು ಅವರ ಕೈಗೆ ಹಿಂದಿರುಗಿಸಿದೆ. "ನಿನ್ನೇವು ಎಲ್ಲವೆ?" ಎಂದರು. ನಾನು ಚೀಲದಿಂದ ಕಾಗದದ ಪೊಟ್ಟಣ ತೆಗೆದು ಕೊಟ್ಟೆ. ಅವರು ಅದನ್ನು ಬಿಚ್ಚಿ, ಕಟ್ಟೆಯ ಮೇಲೆ ಹರಡಿ, ಕಡ್ಡಿಯಿಂದ ಒಂದೊಂದಾಗಿ ಸರಿಸಿ ಹದಿನೈದು ಎಣಿಸಿದರು. ಆಮೇಲೆ ಪೆಟ್ಟಿಗೆಯ ಟವೆಲ್ ಮೂಸಿ, ತಲೆಯೆತ್ತಿ ಅಂಗಳದ ಆಚೆಯ ಸ್ಟೋರ್ ನೋಡಿದರು.

"ಬೋರರ್ ಔಸ್ದಿ."

"ಹೌದು."

"ಪಾಪ, ಇವು ಸತ್ತು ನಿಜ ಹೇಳಿದ್ವು. ಇವ್ನ್ಯಾಕೆ ಮಡಚಿಟ್ಟೆ?"

ಆಗ ಗಮನಿಸಿರಲಿಲ್ಲ, ಆಮೇಲೆ ನೆನೆದಾಗ ತಿಳಿಯಿತು, ಅವರು ಬಹುವಚನ ಬಿಟ್ಟು ನನ್ನನ್ನು ನೀನು ಎಂದದ್ದು ಅದೇ ಮೊದಲು. ಬೈಗುಳದ ಏಕವಚನವಲ್ಲ ಅದು. ಮನೆಯ ಮಕ್ಕಳಿಗೆ ಹೇಳುವಂಥದ್ದು.

ಫಾರಂ ನನ್ನ ಮುಂದಿಟ್ಟರು. "ಬರಿ. ಆಮೇಲೆ ಗಿಣ್ಣು."

"ಏನೆಂದು ಬರೆಯಲಿ?"

"ಏನಾಯ್ತೋ ಅದು."

ನಾನು ಬರೆದೆ: ಪೆಟ್ಟಿಗೆಯನ್ನು ಕೀಟನಾಶಕವಿದ್ದ ಕೋಣೆಯಲ್ಲಿ ನಾನು ಇಟ್ಟಿದ್ದರಿಂದ ಔಷಧಿಯಿಲ್ಲದ ಟ್ಯೂಬಿನ ಹದಿನೈದೂ ಸತ್ತಿವೆ. ಪರೀಕ್ಷೆ ರದ್ದು. ಅಷ್ಟು ಬರೆದು ಪೆನ್ನು ಎತ್ತಿದೆ. ಇನ್ನೊಂದು ಸಾಲು ಉಳಿದಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಕೈ ಮುಂದೆ ಹೋಗಲಿಲ್ಲ.

ಅವರು ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು ಓದಿದರು. ಬೆರಳು ಕೊನೆಯ ಸಾಲಿನ ಕೆಳಗಿನ ಖಾಲಿ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿತು. ನನ್ನ ಕಡೆ ನೋಡಲಿಲ್ಲ.

"ಫಾರಂಗೆ ಬೇಕಾದ್ದು ಸೊಳ್ಳೆ ಸುದ್ದಿ. ಅದು ಆಯ್ತು. ನಿನ್ ಸುದ್ದಿ ನಿನಗೆ ಆದಾಗ ಬರ್ಕೋ," ಎಂದು ಸಹಿ ಹಾಕಿದರು.

ಸಪ್ಪೆಯ ಹೊಸ ಸೊಳ್ಳೆಗಳಿದ್ದ ಟ್ಯೂಬನ್ನು ಅಂಗಳದ ಅಂಚಿಗೆ ಒಯ್ದು, ಮುಚ್ಚಳ ತೆಗೆಯುವ ಮುನ್ನ ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದರು. "ಹದಿನೈದ್ರಲ್ಲಿ ಒಂದ್ಕೂ ಕಾಲ್ ಮುರ್ದಿಲ್ಲ," ಎಂದರು. "ಹಿಡಿಯದು ಕಲ್ತ್‌ಬುಟ್ಟಿದ್ದೀಯ." ಅವರ ಧ್ವನಿಯಲ್ಲಿ ವ್ಯಂಗ್ಯವಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಅವುಗಳನ್ನು ಅಲ್ಲೇ ಹೊಸಕಿ ಹಾಕಬಹುದಿತ್ತು. ಮುಚ್ಚಳ ತೆಗೆದು ಬಿಟ್ಟುಬಿಟ್ಟರು. ಹದಿನೈದು ಸೊಳ್ಳೆಗಳು ಹಾರಿ ಕಾಫಿ ಗಿಡಗಳ ಕಡೆ ಹೋದವು.

ಒಂಬತ್ತೂವರೆಗೆ ಸಾಹೇಬರ ಜೀಪು ಬಂತು. ಸಾಹೇಬರು ಕೆಟ್ಟವರಲ್ಲ, ಯಾವಾಗಲೂ ಇನ್ನೊಂದು ಮೀಟಿಂಗಿಗೆ ತಡವಾಗಿರುವವರು. ಜೀಪಿನಿಂದ ಇಳಿಯದೆಯೇ ಕೈ ಚಾಚಿ ಫಾರಂ ತೆಗೆದುಕೊಂಡು ಓದಿದರು.

"ಏನ್ರೀ ಇದು? ಔಷಧಿ ಟ್ಯೂಬಲ್ಲಿ ಎಲ್ಲಾ ಸತ್ತಿವೆಯಲ್ಲ, ಅಷ್ಟು ಸಾಕಲ್ವೇನ್ರಿ?"

"ಔಸ್ದಿ ಮುಟ್ಟದಿದ್ದವೂ ಸತ್ತವೆ ಸಾರ್. ಮಿಕ್ಕವು ಯಾವುದ್ರಿಂದ ಸತ್ವು ಅಂತ ಹೆಂಗ್ ಹೇಳದು?"

"ಹಾಸನದಲ್ಲಿ ನಾನೇನ್ ಹೇಳ್ಲಿ?"

"ಹಾಳಾಯ್ತು ಅನ್ನಿ. ಮತ್ತೆ ಮಾಡ್ತಾವ್ರೆ ಅನ್ನಿ."

ಸಾಹೇಬರು ನನ್ನ ಕಡೆ ನೋಡಿದರು. "ಇದನ್ನ ಬರೆದಿದ್ದು ನೀವೇನಮ್ಮ?"

"ನಾನೇ ಸರ್. ತಪ್ಪು ನನ್ನದು."

"ಎಂ.ಎಸ್ಸಿ. ಓದಿದೀರಿ," ಎಂದರು. ಮತ್ತೆ ಮಾಡಲು ಎರಡು ದಿನ ಕೊಟ್ಟು ಹೊರಟರು. ನನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡು ಯಜಮಾನರು ನನ್ನನ್ನು ಉಳಿಸುತ್ತಾರೆ ಎಂಬ ಆಸೆ ಒಳಗೆಲ್ಲೋ ಇತ್ತೇನೋ. ಅವರು ಹಾಗೆ ಮಾಡಲಿಲ್ಲ. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಡಬ್ಬಿಯ ಮುಚ್ಚಳ ತೆಗೆದು ಗಿಣ್ಣು ಎರಡು ಪಾಲು ಮಾಡಿದರು. ದೊಡ್ಡ ಪಾಲು ತಾವೇ ಇಟ್ಟುಕೊಂಡರು.

ಮರುದಿನ ಮತ್ತೆ ಅದೇ ಕೊಟ್ಟಿಗೆಗಳು, ಅದೇ ಗೋಡೆಗಳು. ಆ ಸಲ ಪೆಟ್ಟಿಗೆ ಜಗಲಿ ಬಿಟ್ಟು ಕದಲಲಿಲ್ಲ, ಅವರೂ ಕದಲಲಿಲ್ಲ. ಹುಂಜವನ್ನು ಬುಟ್ಟಿಯಡಿ ಹಾಕಿ ಮೇಲೆ ಕಲ್ಲಿಟ್ಟರು. ಗಂಟೆಯ ಕೊನೆಗೆ ಔಷಧಿಯ ಟ್ಯೂಬುಗಳಲ್ಲಿ ಹೆಚ್ಚಿನವು ಬಿದ್ದಿದ್ದವು. ಮಾರನೆಯ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ನಾನು ಮೊದಲು ಸಪ್ಪೆ ಎತ್ತಿದೆ. ಎಲ್ಲ ಬದುಕಿದ್ದವು, ಹೊಟ್ಟೆ ಅರ್ಧ ಕಪ್ಪು, ಅರ್ಧ ಬಿಳಿ. ಆಮೇಲೆ ಔಷಧಿಯವು. ಮೂರರಲ್ಲೂ ಅರ್ಧಕ್ಕಿಂತ ಹೆಚ್ಚು ಸೊಳ್ಳೆಗಳು ಬಾಲ ಎತ್ತಿ, ಆರೂ ಕಾಲೂರಿ ಗೋಡೆಗೆ ಕೂತಿದ್ದವು, ಏನೂ ಆಗಿಲ್ಲವೆಂಬಂತೆ.

"ಸೊಸೆ ಮಗಳು," ಎಂದರು ಅವರು ಮೆಲ್ಲಗೆ. ಇಬ್ಬರೂ ನಗಲಿಲ್ಲ.

ಬೇರೆ ಔಷಧಿ ಬರುವ ಹೊತ್ತಿಗೆ ಹಣ್ಣು ಬಿಡಿಸುವವರು ಬಂದು ಒಂದು ವಾರವಾಗಿತ್ತು. ತಡವಾಯಿತು, ಆದರೆ ಬಂತು. ಹೊಡೆದ ಮೇಲೆ ಗೌರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಕೂತು, "ಇದ್ರ ಘಾಟು ತಡೆಯಕ್ಕಾಗಲ್ಲ ಕಣ್ರೀ. ಹಳೇದೇ ವಾಸಿ, ಬೆಳ್ಳಗಾದ್ರೂ ಇರ್ತಿತ್ತು," ಎಂದು ನಮ್ಮನ್ನು ಬೈದಳು. ಅವಳಿಗೆ ಆ ಸುಗ್ಗಿಯಲ್ಲಿ ಮತ್ತೆ ಜ್ವರ ಬರಲಿಲ್ಲ. ಸಕಲೇಶಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಅದಕ್ಕೆ ಔಷಧಿಯೊಂದೇ ಕಾರಣವೆಂದು ನಾನು ಬರೆಯಲಾರೆ. ಆ ಬಗ್ಗೆ ನಮ್ಮ ಬಳಿ ಸಪ್ಪೆ ಇರಲಿಲ್ಲ.

ನನ್ನ ವರ್ಷ ಮುಗಿದು ಬೇರೆ ಊರಿಗೆ ಹೊರಟ ದಿನ ಅವರು ಆಲೂರಿನ ಬಸ್ ನಿಲ್ದಾಣಕ್ಕೆ ಬಂದಿದ್ದರು. ಆಗ ಮತ್ತೆ ಮೇಡಂ ಎಂದರು, ನೀವು ಎಂದರು. ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟರು. ಆ ಬೆಳಗಿನ ಬಗ್ಗೆ ಅವರು ಮತ್ತೆ ಮಾತೆತ್ತಲಿಲ್ಲ, ಯಾರಿಗೂ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಆ ಡ್ರೈವರಿಗೆ ಗೊತ್ತಿರುತ್ತಿತ್ತು, ಡ್ರೈವರಿಗೆ ಗೊತ್ತಿದ್ದರೆ ಜಿಲ್ಲೆಗೇ ಗೊತ್ತಿರುತ್ತಿತ್ತು. ಈಗ ನಾನೂ ಪರೀಕ್ಷೆಗಳನ್ನು ನಡೆಸುತ್ತೇನೆ. ನನ್ನ ಕೈಕೆಳಗೆ ಫಾರಂ ಬರೆಯುವವರಿದ್ದಾರೆ. ಅವರು ಬರೆದ ಪ್ರತಿ ಅಂಕೆಯ ಮೇಲೂ ಬೆರಳಿಟ್ಟು ಓದುತ್ತೇನೆ. ಅವರಿಗೆ ಅದು ಅವಮಾನವೆನಿಸುತ್ತದೆ ಎಂದು ಗೊತ್ತು.

ಸಕಲೇಶಪುರದ ಬಸ್ ನಿಲ್ದಾಣದಿಂದ ಮನೆಗೆ ಬಂದು, ಅಂದು ಬಿಟ್ಟ ಸಾಲನ್ನು ಇವತ್ತು ಬರೆಯುತ್ತಿದ್ದೇನೆ. ತಡವಾಯಿತು. ಓದಿ ಸಹಿ ಹಾಕುವವರಿಲ್ಲ.

ಔಷಧಿಯಿಲ್ಲದ ಟ್ಯೂಬಿನಲ್ಲಿ ಬದುಕಿದ್ದವೆಂದು ತೋರಿಸಲಾದ ಸೊಳ್ಳೆಗಳು: ಹದಿನೈದು. ಹಿಡಿದ ಸ್ಥಳ: ಎಸ್ಟೇಟಿನ ಕೊಟ್ಟಿಗೆ. ಹಿಡಿದ ಸಮಯ: ಪರೀಕ್ಷೆಯ ಮರುದಿನ ಬೆಳಿಗ್ಗೆ. ಹೊಟ್ಟೆ: ಕೆಂಪು. ಸಂಗ್ರಹಿಸಿದವರು: ನಾನು. ಕಾಲು ಮುರಿದವು: ಒಂದೂ ಇಲ್ಲ.